ನೆಲೆ ತಪ್ಪಿದವನಿಗೆ ಒಲಿದ ವಿಂಬಲ್ಡನ್

ಟೆನಿಸ್ ಸಿರಿವಂತರ ವಿನೋದ, ನಮ್ಮಂಥ ದುಡಿಯುವವರಿಗೆ ಅದರ ಗೊಡವೆ ಏತಕ್ಕೆ ಎನ್ನುವ ವಾಚಕರುಂಟು. ಅಂಥವರ ಅವಗಾಹನೆಗಾಗಿಯೇ ಯಾರೊಸ್ಲಾವ್ ದ್ರೋಬ್ನಿಯವರ ವೃತ್ತಾಂತವನ್ನು ಇಲ್ಲಿ ಅರುಹಬಯಸುತ್ತೇವೆ.

ದ್ರೋಬ್ನಿಯವರು 1921ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿದರು. ತಂದೆ ಅಲ್ಲಿಯ ಟೆನಿಸ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ನೌಕರರು. ಬಾಲಕನಿಗೆ ದೊರೆತದ್ದು ಚೆಂಡು ಹೆಕ್ಕಿಕೊಡುವ ಕೆಲಸ. ಮಾಣಿಯಾಗಿ ಸೇರಿ ಕಡೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರನ್ನು ನಾವು ಹೋಟೆಲು ಉದ್ಯಮದಲ್ಲಿ ಬೇಕಾದಷ್ಟು ಕಂಡಿದ್ದೇವೆ. ಆದರೆ ಚೆಂಡು ಹೆಕ್ಕುತ್ತ ಆಟ ಕಲಿತು, 16ನೆಯ ವಯಸ್ಸಿನಲ್ಲೇ, 1938ರಲ್ಲಿ, ವಿಂಬಲ್ಡನ್ ಕಣಕ್ಕಿಳಿದವರು ವಿರಳ. ಐಸ್ ಹಾಕಿಯಲ್ಲಿಯೂ ಅವರು ನಿಷ್ಣಾತರೇ. 1948ರ ಒಲಿಂಪಿಕ್ಸಿನಲ್ಲಿ ರಜತ ಪದಕ ಪಡೆದ ಚೆಕೊಸ್ಲೊವಾಕಿಯಾ ತಂಡದಲ್ಲಿದ್ದರು. ಆ ಆಟದಲ್ಲಿ ಕಣ್ಣಿಗೆ ತಗುಲಿದ ಪೆಟ್ಟಿನಿಂದಾಗಿ ಮುಂದೆ ಬಣ್ಣದ ಕನ್ನಡಕ ಧರಿಸಿಯೇ ಟೆನಿಸ್ ಆಡಬೇಕಾಯಿತು.

1949ರ ಜುಲೈ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಗ್ಸ್ಟಾಡ್ ಪಂದ್ಯಾವಳಿಗೆ ಹೋಗಿದ್ದಾಗ, ಜರ್ಮನ್ ಮತ್ತು ಸ್ಪೇನ್ ಆಟಗಾರರು ಭಾಗವಹಿಸಿದ್ದಾರೆಂಬ ಕಾರಣಕ್ಕೆ ಆಟ ಬಿಟ್ಟು ಬರತಕ್ಕದ್ದೆಂದು ಪ್ರಾಗಿನ ಕಮ್ಯುನಿಸ್ಟ್ ಸರಕಾರದ ಆಜ್ಞೆ ಬಂತು. ದ್ರೋಬ್ನಿಯವರೂ ಜೊತೆಗಾರ ಚೆರ್ನಿಕ್ಕರೂ ಸ್ವದೇಶಕ್ಕೆ ಮರಳಲಿಲ್ಲ. ಒಂದೆರಡು ಅಂಗಿ, ಹಲ್ಲುಜ್ಜುವ ಬ್ರಷ್, 50 ಡಾಲರ್: ಇಷ್ಟೇ ತಮ್ಮ ಆಸ್ತಿಯಾಗಿತ್ತೆಂದು ದ್ರೋಬ್ನಿಯವರೇ ಹೇಳಿಕೊಂಡಿದ್ದಾರೆ. ಪೌರತ್ವಕ್ಕಾಗಿ ಹಲವು ದೇಶಗಳ ಬಾಗಿಲು ತಟ್ಟಿದರು. ಕೊನೆಗೆ ತೆರೆದದ್ದು ಈಜಿಪ್ಟ್.

ಆ ದೇಶದ ಹೆಸರಿನಲ್ಲಿ 1951 ಹಾಗೂ 1952ರಲ್ಲಿ ಫ್ರೆಂಚ್ ಪ್ರಶಸ್ತಿ ಅವರ ಕೈಸೇರಿತು. ವಿಂಬಲ್ಡನ್ ಮಾತ್ರ ಒಲಿಯಲೊಲ್ಲದು. 1949ರ ಅಂತಿಮ ಪಂದ್ಯದಲ್ಲಿ ಶ್ರೋಡರ್, 1952ರಲ್ಲಿ ಸೆಜ್‌ಮನ್ ಅವರನ್ನು ಸೋಲಿಸಿದರು. 1953ರಲ್ಲಿ ಬಜ್ ಪ್ಯಾಟಿಯವರೊಡನೆ 93 ಗೇಮುಗಳ ಕಾಳಗ. ಆರು ಬಾರಿ ಸೋಲಿನ ಅಂಚಿಗೆ ಹೋಗಿ ಮುಸ್ಸಂಜೆಯ ಮಬ್ಬಿನಲ್ಲಿ ಗೆದ್ದರಾದರೂ, ಕಾಲಿನ ನೋವು ಉಪಾಂತ್ಯಕ್ಕಿಂತ ಮುಂದೆ ಹೋಗಗೊಡಲಿಲ್ಲ.

1954ರಲ್ಲಿ 32 ವರ್ಷದ ಅವರಿಗೆ ಕೊಟ್ಟಿದ್ದು 11ನೆಯ ಶ್ರೇಯಾಂಕ. ಆದರೂ ಹೋಡ್ ಅವರನ್ನೂ ಪ್ಯಾಟಿಯವರನ್ನೂ ಮಣಿಸಿ ಅಂತಿಮ ಪಂದ್ಯಕ್ಕೆ ಬಂದರು. ಎದುರಾಳಿ ಆಸ್ಟ್ರೇಲಿಯದ ಕೆನ್ ರೋಸ್‌ವಾಲ್, ಇನ್ನೂ 19ರ ತರುಣ. ಎಡಗೈಯ ಬಿರುಸಿನ ಸರ್ವಿಸಿನಿಂದ ದ್ರೋಬ್ನಿಯವರು 13-11, 4-6, 6-2, 9-7ರಿಂದ ಗೆದ್ದಾಗ, ತಮ್ಮದೇ ಹುಡುಗ ಗೆದ್ದನೆಂಬಂತೆ ಆಂಗ್ಲ ಪ್ರೇಕ್ಷಕರು ಹರ್ಷಿಸಿದರು. ಸೋತು ಸೋತು ಮತ್ತೆ ಬರುವವನ ಮೇಲೆ ಜನರಿಗೆ ಹುಟ್ಟುವ ಮಮತೆಯೇ ಬೇರೆ. (ಅದೇ ವರ್ಷ ಅಲ್ಲಿಯೇ ನಮ್ಮ ಮದರಾಸಿನ ರಾಮನಾಥನ್ ಕೃಷ್ಣನ್ ಬಾಲಕರ ಪ್ರಶಸ್ತಿ ಗಳಿಸಿದ್ದನ್ನು ಮರೆಯಲಾಗದು.)

1959ರಲ್ಲಿ ಅವರು ಬ್ರಿಟಿಷ್ ಪ್ರಜೆಯಾದರು. ಲಂಡನ್ನಿನಲ್ಲಿ ಕ್ರೀಡಾಸಾಮಗ್ರಿಗಳ ಅಂಗಡಿಯಿಟ್ಟು ಜೀವನ ಸಾಗಿಸಿ, 2001ರ ಸೆಪ್ಟೆಂಬರಿನಲ್ಲಿ ಆ ನಗರದಲ್ಲಿಯೇ ತೀರಿಕೊಂಡರು.