ಇಲಿಜ್ವರ: ವೈದ್ಯರಿಗೆ ತಪ್ಪದೆ ಹೇಳಬೇಕಾದ ಮಾತು

ಮಳೆಗಾಲದಲ್ಲಿ ಕರಾವಳಿಯ ಗದ್ದೆ, ತೋಟಗಳಲ್ಲಿ ದುಡಿಯುವವರನ್ನು ಕಾಡುವ ಕಾಯಿಲೆಗಳಲ್ಲಿ ಇಲಿಜ್ವರವೂ ಒಂದು. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಇಲಿ, ದನ, ನಾಯಿಗಳ ಮೂತ್ರದಿಂದ ಇದು ನೀರು, ಕೆಸರನ್ನು ಸೇರುತ್ತದೆ. ಕೈಕಾಲಿನ ಗಾಯ, ಕಣ್ಣು, ಮೂಗು, ಬಾಯಿಯ ಮೂಲಕ ದೇಹವನ್ನು ಪ್ರವೇಶಿಸುತ್ತದೆ.

ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಚಳಿಜ್ವರ, ತಲೆನೋವು, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತದೆ. ಕೆಲವರ ಕಣ್ಣು ಹಳದಿಯಾಗುತ್ತದೆ. ಆಗ ಕಾಮಾಲೆ ಎಂದುಕೊಂಡು ನಾಟಿಮದ್ದು, ಪಥ್ಯ ಎಂದು ದಿನ ಕಳೆಯುವವರಿದ್ದಾರೆ. ಅಪಾಯ ಇರುವುದು ಇಲ್ಲಿಯೇ. ಅಷ್ಟರಲ್ಲಿ ಮೂತ್ರಪಿಂಡ ಕೆಡಬಹುದು, ಶ್ವಾಸಕೋಶದಲ್ಲಿ ರಕ್ತಸ್ರಾವವಾಗಬಹುದು, ಪ್ರಾಣವೇ ಹೋಗಬಹುದು.

ಬೇಗ ತಿಳಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂತಹ ಆ್ಯಂಟಿಬಯೋಟಿಕ್‌ಗಳಿಂದ ವೈದ್ಯರು ಗುಣಪಡಿಸಬಲ್ಲರು. ಆದರೆ ಮೊದಲ ದಿನಗಳ ರಕ್ತಪರೀಕ್ಷೆಯಲ್ಲಿ ರೋಗ ಕಾಣದಿರಲೂಬಹುದು. ಆದ್ದರಿಂದ ವೈದ್ಯರು ಕೇಳದಿದ್ದರೂ ನೀವೇ ಹೇಳಿ: "ನಾನು ಕೆಸರಿನಲ್ಲಿ ಕೆಲಸ ಮಾಡಿದ್ದೆ." ಅವರ ಸಂಶಯ ಸರಿಯಾದ ಕಡೆಗೆ ಹೋಗಲು ಈ ಒಂದು ಮಾತು ಸಾಕು.

ಗಾಯವಿದ್ದರೆ ನೀರು ತಾಗದಂತೆ ಮುಚ್ಚಿಕೊಳ್ಳಿ. ಗಂಬೂಟು ಹಾಕಿಕೊಳ್ಳಿ. ಕೆಲಸ ಮುಗಿದೊಡನೆ ಸಾಬೂನು ಹಚ್ಚಿ ಸ್ನಾನ ಮಾಡಿ. ತೋಟದ ಮಾಲಕರಲ್ಲಿ ಒಂದು ವಿನಂತಿ: ಕೆಲಸಕ್ಕೆ ಬರುವವರಿಗೂ ಗಂಬೂಟು ಕೊಡಿಸಿ. ನಮಗಾಗಿ ದುಡಿಯುವವರ ಜೀವ ಕಾಯುವುದೂ ಪರಸ್ನೇಹವೇ.