ಸಿಟ್ಟಿನ ಹಿಂದೆ ಅಡಗಿ ಕೂತ ಹೆದರಿಕೆ

ಮಳೆಗಾಲದ ಸಂಜೆ. ಐದೂವರೆಗೆ ಕಾಲೇಜಿನಿಂದ ಬರಬೇಕಾದ ಮಗ ಏಳಾದರೂ ಬಂದಿಲ್ಲ. ಕರೆಂಟ್ ಇಲ್ಲ, ಫೋನ್ ಮಾಡೋಣವೆಂದರೆ ನೆಟ್‌ವರ್ಕೂ ಇಲ್ಲ. ಬಸ್ ಕೆಟ್ಟಿತೋ, ದಾರಿಗೆ ಮರ ಬಿತ್ತೋ... ಬಾಗಿಲಿಗೂ ಅಡುಗೆಮನೆಗೂ ನಿಮ್ಮ ಓಡಾಟ. ಕೊನೆಗೂ ಗೇಟಿನ ಸದ್ದಾಗುತ್ತದೆ. ಒದ್ದೆಯಾಗಿ ಬಂದವನಿಗೆ ಟವೆಲ್ ಕೊಡುವ ಮೊದಲು ನಿಮ್ಮ ಬಾಯಿಂದ ಬರುವ ಮಾತು ಯಾವುದು? "ಎಂತಾ ಮಾಣಿ, ಒಂದು ಫೋನ್ ಮಾಡಲೆ ಆಗ್ತಿತ್ತಿಲ್ಯ?"

ಅವನು ಸಿಡುಕುತ್ತಾನೆ, ನೀವು ಕೂಗುತ್ತೀರಿ, ರಾತ್ರಿ ಊಟಕ್ಕೆ ಯಾರಿಗೂ ರುಚಿಯಿಲ್ಲ. ಅಷ್ಟೊತ್ತು ಅವನಿಗಾಗಿ ಹೆದರಿದ್ದಿರಿ. ಆದರೆ ಅವನಿಗೆ ಕಂಡಿದ್ದು ನಿಮ್ಮ ಸಿಟ್ಟು ಮಾತ್ರ!

ಇದು ಹೇಗಾಗುತ್ತದೆ?

ಸಿಟ್ಟು ಮತ್ತು ಆತಂಕ ಬೇರೆ ಬೇರೆ ಎಂದುಕೊಳ್ಳುತ್ತೇವೆ. ಆದರೆ ನಮ್ಮ ಶರೀರಕ್ಕೆ ಅವೆರಡೂ ಅಕ್ಕತಂಗಿಯರಿದ್ದ ಹಾಗೆ. ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್, ಬೊಗಳುವ ನಾಯಿಯ ಎದುರು ಬೆದರಿದ ಬೆಕ್ಕುಗಳನ್ನು ಪರೀಕ್ಷಿಸಿ, ಅವುಗಳ ರಕ್ತಕ್ಕೆ ಅಡ್ರಿನಲಿನ್ ಇಳಿಯುವುದನ್ನು ಕಂಡುಕೊಂಡರು. 1915ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಭಯವೂ ಇದೆ, ಕ್ರೋಧವೂ ಇದೆ. ಎರಡರಲ್ಲೂ ಎದೆ ಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯು ಬಿಗಿಯುತ್ತದೆ. ಓಡಿಹೋಗುವುದಕ್ಕೂ ಹೊಡೆದಾಡುವುದಕ್ಕೂ ದೇಹ ಮಾಡಿಕೊಳ್ಳುವ ಸಿದ್ಧತೆ ಹೆಚ್ಚುಕಡಿಮೆ ಒಂದೇ.

ಮನೆಯಲ್ಲಿ ಕಾಯುತ್ತಾ ಕೂತವಳು ಎಲ್ಲಿಗೆ ಓಡಬೇಕು? ಕೂಡಿಟ್ಟ ಬಿಸಿಯೆಲ್ಲ ಎದುರಿಗೆ ಸಿಕ್ಕವರ ಮೇಲೆ ಸುರಿಯುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆಯೇ ನಾಳೆಯ ಮೇಲಿನ ಹೆದರಿಕೆ ಇವತ್ತಿನ ಮಕ್ಕಳ ಮೇಲೆ! ಇನ್ನೊಂದು ಕಾರಣವೂ ಇದೆ. ಹೆದರಿದಾಗ ನಾವು ಕೈಲಾಗದವರು ಅನಿಸುತ್ತದೆ, ಸಿಟ್ಟು ಬಂದಾಗ ಸ್ವಲ್ಪ ಬಲ ಬಂದ ಹಾಗೆ ಅನಿಸುತ್ತದೆ. ಅದಕ್ಕೇ ಮನಸ್ಸು ಸಿಟ್ಟನ್ನೇ ಆರಿಸಿಕೊಳ್ಳುತ್ತದೆ.

ನಮ್ಮೂರ ಹೆದರಿಕೆಗಳು

ಶಿರಸಿ, ಸಿದ್ದಾಪುರದ ಅಡಿಕೆ ಮನೆಗಳಲ್ಲಿ ಆಷಾಢದ ಸಿಟ್ಟಿಗೆ ಒಂದು ಕಾರಣ ಕೊಳೆರೋಗ. ಮಳೆ ಹಿಡಿಯುವ ಮೊದಲೇ ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕು, 40-45 ದಿನಕ್ಕೆ ಇನ್ನೊಮ್ಮೆ. ಮಳೆ ಹೊಳವಾಗುವುದಿಲ್ಲ, ಮರ ಹತ್ತುವವರು ಸಿಗುವುದಿಲ್ಲ. ಅಂಥ ದಿನ ಯಜಮಾನರು ತಂಬುಳಿಗೆ ಉಪ್ಪು ಕಡಿಮೆಯಾಯಿತೆಂದು ರೇಗಿದರೆ, ಅವರ ತಲೆಯಲ್ಲಿರುವುದು ಉಪ್ಪಲ್ಲ, ವರ್ಷದ ಫಸಲು.

ಯಲ್ಲಾಪುರದ ಕಡೆ ಹೋದರೆ ಹೆದರಿಕೆಯೇ ಬೇರೆ. 2021ರ ಜುಲೈ ಮಳೆಗೆ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆಗಳು ಹಾಳಾದವು. ಅರಬೈಲ್ ಘಟ್ಟದ ಹೆದ್ದಾರಿಯೂ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿದ್ದು ಜೀವಗಳು ಹೋದವು. ಇದನ್ನೆಲ್ಲ ಕಂಡವರಿಗೆ, ಕೇಳಿದವರಿಗೆ ಹಂಚಿನ ಮೇಲೆ ಮಳೆ ಜೋರಾದರೆ ಸಾಕು, ಕಾರಣವಿಲ್ಲದೆ ಮೈ ಉರಿಯುತ್ತದೆ. ಕಾರಣ ಇಲ್ಲದೇ ಇಲ್ಲ, ಹೆಸರಿಟ್ಟಿಲ್ಲ ಅಷ್ಟೇ.

ನೀವೇನು ಮಾಡಬಹುದು?

* ಮೈಯನ್ನು ಗಮನಿಸಿ. ಹಲ್ಲು ಕಚ್ಚುವುದು, ಭುಜ ಬಿಗಿಯುವುದು, ಪಾತ್ರೆ ಕುಕ್ಕುವುದು ಮುನ್ಸೂಚನೆಗಳು.

* ಮಾತಾಡುವ ಮುಂಚೆ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಐದಾರು ಸಲ ಸಾಕು, ಎದೆ ಬಡಿತ ತಗ್ಗುತ್ತದೆ.

* "ಯಾರ ಮೇಲೆ ಸಿಟ್ಟು?" ಅಂತ ಕೇಳಿಕೊಳ್ಳಬೇಡಿ. "ಈಗ ನಾನು ಯಾವುದಕ್ಕೆ ಹೆದರಿದ್ದೇನೆ?" ಅಂತ ಕೇಳಿಕೊಳ್ಳಿ.

* ಹೆದರಿಕೆಯನ್ನೇ ಮೊದಲು ಹೇಳಿ. "ನಿಂಗೆ ಜವಾಬ್ದಾರಿ ಇಲ್ಲ" ಅನ್ನುವ ಬದಲು "ನೀ ಬರೋತನಕ ನಂಗೆ ಜೀವ ಇರಲಿಲ್ಲ" ಅನ್ನಿ. ಮೊದಲನೆಯದಕ್ಕೆ ಮಗ ವಾದ ಮಾಡುತ್ತಾನೆ, ಎರಡನೆಯದಕ್ಕೆ ಹತ್ತಿರ ಬರುತ್ತಾನೆ.

* ಚಿಂತೆಯನ್ನು ಕಾಗದದ ಮೇಲೆ ಎರಡು ಭಾಗ ಮಾಡಿ. ಇವತ್ತು ನಮ್ಮ ಕೈಲಾಗುವುದು ಒಂದು ಕಡೆ, ಆಗದ್ದು ಇನ್ನೊಂದು ಕಡೆ. ಬಸ್ ತಪ್ಪಿದರೆ ಯಾರ ಮನೆಗೆ ಹೋಗಬೇಕು, ಯಾರ ಫೋನಿಗೆ ಹೇಳಬೇಕು ಎಂದು ಮಳೆಗಾಲಕ್ಕೆ ಮೊದಲೇ ಮಕ್ಕಳೊಡನೆ ಮಾತಾಡಿಕೊಂಡಿರಿ.

* ನಿದ್ದೆಗೆಟ್ಟರೆ ಎರಡೂ ಹೆಚ್ಚುತ್ತವೆ. ಸಂಜೆಯ ಮೇಲೆ ಕಾಫಿ, ಚಹಾ ಬೇಡ.

ಎಲ್ಲ ಸಿಟ್ಟೂ ಹೆದರಿಕೆಯಲ್ಲ

ಅನ್ಯಾಯಕ್ಕೆ ಬರುವ ಸಿಟ್ಟು ನ್ಯಾಯವಾದದ್ದೇ. ಮನೆಗೆಲಸ, ಹಿರಿಯರ ಆರೈಕೆ ಎಲ್ಲ ನಿಮ್ಮೊಬ್ಬರ ತಲೆ ಮೇಲೇ ಬಿದ್ದಿದ್ದರೆ ಉಸಿರು ಎಣಿಸಿ ಪ್ರಯೋಜನವಿಲ್ಲ, ಕೆಲಸ ಹಂಚಬೇಕು. ಗಂಡಸಿನ ಸಿಟ್ಟು ಹೊಡೆತಕ್ಕೆ ಬಂದಿದ್ದರೆ "ಪಾಪ, ಟೆನ್ಷನ್ನು" ಎಂದು ಸಹಿಸಿಕೊಂಡಿರಬೇಡಿ. ಹೆದರಿಕೆ ಕಾರಣವಾಗಬಹುದು, ನೆಪವಾಗಬಾರದು. ಮಹಿಳಾ ಸಹಾಯವಾಣಿ 181 ಇರುವುದು ಇದಕ್ಕೇ.

ಸುಮಾರು ಆರು ತಿಂಗಳಿಂದ ಹೆಚ್ಚಿನ ದಿನ ಚಿಂತೆ ಹತೋಟಿಗೆ ಬರುತ್ತಿಲ್ಲ, ಜೊತೆಗೆ ಸಿಡುಕು, ನಿದ್ದೆಯಿಲ್ಲ, ಸುಸ್ತು ಎಂದಾದರೆ ಅದು ನಿಮ್ಮ ಸ್ವಭಾವದೋಷವಲ್ಲ, ಚಿಕಿತ್ಸೆಯಿರುವ ಆತಂಕದ ಕಾಯಿಲೆ ಇರಬಹುದು. ಥೈರಾಯ್ಡ್ ಹೆಚ್ಚಾದರೂ, ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹೀಗಾಗಬಹುದು. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ. ಅಷ್ಟು ದೂರ ಹೋಗಲು ಆಗದಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಧ್ವನಿ ಏರುತ್ತಿದೆ ಅನಿಸಿದಾಗ ಅರೆಗಳಿಗೆ ನಿಲ್ಲಿ. ನಿಮಗೆ ಭಯವಾಗಿದೆ ಎಂದು ಮನೆಯವರಿಗೆ ಗೊತ್ತಾಗಲಿ. ಅದರಲ್ಲಿ ನಾಚಿಕೆ ಏನೂ ಇಲ್ಲ.