ಬೀಗದ ಕೈ ಕಳೆದ ಹಳೆಯ ಮೋಟಾರು

ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಟ್ಟವನ್ನೇರುವ ಹೆದ್ದಾರಿಯಲ್ಲಿ, ಉಜಿರೆಯನ್ನು ದಾಟಿದ ಮೇಲೆ ಮುಂಡಾಜೆ ಸಿಗುತ್ತದೆ. ಅಡಿಕೆ ತೋಟಗಳ ಊರು. ಮಗ್ಗುಲಲ್ಲೇ ಮೃತ್ಯುಂಜಯಾ ಹೊಳೆ. ಇಂತಹ ಊರುಗಳಲ್ಲಿ ಮನೆಯ ಪಕ್ಕದ ಮಾಡಿನ ಕೆಳಗೆ ಹಳೆಯ ಜೀಪೊಂದೋ ಅಂಬಾಸಡರ್ ಕಾರೊಂದೋ ಇನ್ನೂ ದುಡಿಯುತ್ತಿರುವುದುಂಟು. ಆಷಾಢದ ಮಳೆಯಲ್ಲಿ ತೋಟಕ್ಕಿಳಿದ ಯಜಮಾನರ ಸೊಂಟದಿಂದ ಅದರ ಬೀಗದ ಕೈ ಜಾರಿ ಸೋಗೆ, ತರಗೆಲೆಗಳ ನಡುವೆ ಮಾಯವಾಯಿತೆನ್ನೋಣ. ಅದೇ ರಾತ್ರಿ ಮನೆಯ ಮಗುವಿಗೆ ಜ್ವರವೇರಿ ಬೆಳ್ತಂಗಡಿಗೆ ಹೋಗಬೇಕಾಗಿ ಬಂದರೆ, ಎರಡು ಅಂಗುಲದ ಆ ಲೋಹದ ತುಂಡಿನ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಇಂದಿನ ಹೊಸ ಕಾರುಗಳಲ್ಲಿ ಬೀಗದ ಕೈಯ ಹಿಡಿಯೊಳಗೆ ಸಣ್ಣದೊಂದು ವಿದ್ಯುತ್ ಚಿಪ್ಪು ಅಡಗಿರುತ್ತದೆ. ಅದು ಹೇಳುವ ಗುಟ್ಟಿನ ಸಂಖ್ಯೆಯನ್ನು ಕಾರು ಒಪ್ಪಿಕೊಳ್ಳದಿದ್ದರೆ ಎಂಜಿನು ಚಾಲೂ ಆಗದು. 1990ರ ದಶಕದಲ್ಲಿ ಬಳಕೆಗೆ ಬಂದ ಏರ್ಪಾಡಿದು. ಅದಕ್ಕೂ ಹಿಂದಿನ ವಾಹನಗಳಲ್ಲಿ ಬೀಗದ ಕೈಯೆಂದರೆ ಬರಿಯ ಆಕಾರ, ಅಷ್ಟೆ. ಆ ಆಕಾರವು ಎರಡು ಕಡೆ ಬರೆಯಲ್ಪಟ್ಟಿರುತ್ತದೆ: ಕೈಯ ಹಲ್ಲುಗಳಲ್ಲಿ ಒಮ್ಮೆ, ಬೀಗದ ಹೊಟ್ಟೆಯಲ್ಲಿ ಇನ್ನೊಮ್ಮೆ. ಕೈ ಹೊಳೆಯ ಪಾಲಾದರೂ ಬೀಗದೊಳಗಿನ ಬರಹ ಹಾಗೆಯೇ ಉಳಿದಿದೆ. ಹಳೆಯ ವಾಹನದ ಒಡೆಯನಿಗೆ ಇದೇ ದೊಡ್ಡ ಭಾಗ್ಯ.

ಆ ಬರಹ ಎಂತಹದು? ಮೋಟಾರಿನ ಬೀಗದ ನಡುವೆ ತಿರುಗುವ ಉರುಳೆಯೊಂದಿದೆ. ಅದರೊಳಗೆ ತೆಳ್ಳನೆಯ ಲೋಹದ ಬಿಲ್ಲೆಗಳು ಸಾಲಾಗಿ ನಿಂತಿವೆ. ಒಂದೊಂದರ ನಡುವೆಯೂ ಒಂದು ಕಿಂಡಿ, ಒಂದೊಂದರ ಬೆನ್ನಿಗೂ ಒಂದು ಸ್ಪ್ರಿಂಗು. ಸ್ಪ್ರಿಂಗು ಬಿಲ್ಲೆಯನ್ನು ಉರುಳೆಯಿಂದ ಹೊರಕ್ಕೆ ತಳ್ಳಿ ಸುತ್ತಲಿನ ಕವಚದ ಗಾಡಿಗೆ ಸಿಕ್ಕಿಸಿಡುತ್ತದೆ. ಆದುದರಿಂದಲೇ ಉರುಳೆ ತಿರುಗಲೊಲ್ಲದು. ಸರಿಯಾದ ಕೈ ಕಿಂಡಿಗಳ ಮೂಲಕ ಹಾದಾಗ ಅದರ ಹಲ್ಲುಗಳು ಪ್ರತಿಯೊಂದು ಬಿಲ್ಲೆಯನ್ನೂ ಬೇಕಾದಷ್ಟೇ ಒಳಕ್ಕೆಳೆಯುತ್ತವೆ. ಹಲ್ಲು ತಗ್ಗಿದರೆ ಬಿಲ್ಲೆ ಈ ಕಡೆ ಚಾಚಿಕೊಳ್ಳುತ್ತದೆ, ಹೆಚ್ಚಿದರೆ ಆ ಕಡೆ. ಎಲ್ಲವೂ ಉರುಳೆಯ ಮೈಗೆ ಸಮನಾದ ಕ್ಷಣದಲ್ಲಿ ಮಾತ್ರ ಅದು ತಿರುಗುತ್ತದೆ.

ಬಿಲ್ಲೆಗಳು ಐದು, ಒಂದೊಂದಕ್ಕೆ ನಾಲ್ಕು ಎತ್ತರಗಳು ಎಂದು ಹಿಡಿದರೆ 4×4×4×4×4, ಅಂದರೆ 1024 ಬಗೆಯ ಕೈಗಳು ಸಾಧ್ಯ. ವ್ಯವಹಾರದಲ್ಲಿ ಇಷ್ಟು ಉದಾರತೆ ಇರಲಿಲ್ಲ. ಇಂಗ್ಲೆಂಡಿನ ಅನೇಕ ಹಳೆಯ ಕಾರುಗಳಲ್ಲಿ ಎಫ್‌ಎಸ್ ಎಂಬ ಸರಣಿಯ ಕೈಗಳಿದ್ದವು. ಅವುಗಳ ಸಂಖ್ಯೆ 876ರಿಂದ 955ರವರೆಗೆ, ಒಟ್ಟು 80 ಮಾತ್ರ! ಗಣಿತದ ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಎಂಬತ್ತೂ ಬಗೆಗಳು ಸಮಪ್ರಮಾಣದಲ್ಲಿ ಹಂಚಿಹೋಗಿದ್ದರೆ, ಜಾತ್ರೆಯೊಂದಕ್ಕೆ ಬಂದು ನಿಂತ ಅಂತಹ ಹನ್ನೊಂದೇ ಕಾರುಗಳಲ್ಲಿ ಯಾವುವಾದರೂ ಎರಡಕ್ಕೆ ಒಂದೇ ಕೈ ಹೊಂದುವ ಸಂಭವವು ಅರ್ಧಕ್ಕಿಂತ ಹೆಚ್ಚು. ಕಳ್ಳನಿಗೆ ಅನುಕೂಲ, ಕೈ ಕಳೆದುಕೊಂಡವನಿಗೂ ಅನುಕೂಲ. ಆ ಸರಣಿಯ ಸಂಖ್ಯೆಯನ್ನು ಬೀಗದ ಮುಖದ ಮೇಲೆಯೇ ಕೆತ್ತುತ್ತಿದ್ದುದೂ ಉಂಟು; ಕಾವಲಿನವನೇ ಗುಟ್ಟನ್ನು ಹಣೆಯ ಮೇಲೆ ಬರೆದುಕೊಂಡು ಕುಳಿತಂತೆ!

ಸಂಖ್ಯೆ ಸಿಗದಿದ್ದರೆ ಬೀಗದ ಕಸಬುದಾರನನ್ನು ಕರೆಯಬೇಕು. ಅವನ ಮುಂದೆ ಎರಡು ದಾರಿಗಳಿವೆ. ಬಾಗಿಲಿಗೂ ಎಂಜಿನಿಗೂ ಒಂದೇ ಕೈಯಿದ್ದರೆ, ಬಾಗಿಲ ಬೀಗವನ್ನು ಕಳಚಿ ಬಿಲ್ಲೆಗಳ ಎತ್ತರವನ್ನು ನೇರವಾಗಿ ಅಳೆಯಬಹುದು. ಎರಡನೆಯದು ನಿಜವಾದ ಕೈಚಳಕ. ಹಲ್ಲಿಲ್ಲದ ಹೊಸ ಕೈಯನ್ನು ಬೀಗಕ್ಕಿಟ್ಟು ಮೆಲ್ಲನೆ ತಿರುಚಿದಾಗ, ಅಡ್ಡ ನಿಂತ ಬಿಲ್ಲೆಗಳು ಅದರ ಅಂಚಿನಲ್ಲಿ ಕಣ್ಣಿಗೆ ಕಂಡೂ ಕಾಣದಂತಹ ಗೀರುಗಳನ್ನು ಮೂಡಿಸುತ್ತವೆ. ಗೀರು ಬಿದ್ದಲ್ಲಿ ಅರದಿಂದ ಒಂದಿಷ್ಟು ಉಜ್ಜಿ ಮತ್ತೆ ಒಳಗಿಟ್ಟು ನೋಡುತ್ತಾನೆ. ಬಿಲ್ಲೆ ತನ್ನ ಸ್ಥಾನವನ್ನು ಸೇರಿದೊಡನೆ ಅಲ್ಲಿ ಗೀರು ಬೀಳುವುದು ನಿಲ್ಲುತ್ತದೆ. ಹೀಗೆ ಬೀಗವೇ ತನ್ನ ಕೈಯನ್ನು ತಾನೇ ಬರೆಸಿಕೊಳ್ಳುತ್ತದೆನ್ನಬಹುದು. ಕೆಲಸಕ್ಕೆ ಮೊದಲು ಆತ ವಾಹನದ ನೋಂದಣಿ ಪತ್ರವನ್ನು ಕೇಳಿದರೆ ನಾವು ಮುನಿಯಲಾಗದು. ಕೇಳದವನ ಬಗೆಗೇ ಸಂಶಯ ಪಡಬೇಕು.

ತೋಟದಲ್ಲೋ ಕೆರೆಯಲ್ಲೋ ಕೈಯನ್ನು ಹುಡುಕುವುದಾದರೆ ಹಗ್ಗಕ್ಕೆ ಕಟ್ಟಿದ ಬಲವಾದ ಅಯಸ್ಕಾಂತವು ನೆರವಾದೀತು. ಹಿತ್ತಾಳೆಯ ಕೈಯನ್ನು ಅಯಸ್ಕಾಂತವು ಸೆಳೆಯದು ನಿಜ. ಆದರೆ ಅದನ್ನು ಕೋದ ಉಕ್ಕಿನ ಬಳೆಯನ್ನು ಸೆಳೆಯುತ್ತದೆ.

ಇಷ್ಟಕ್ಕೆಲ್ಲ ತಾಳ್ಮೆಯಿಲ್ಲದೆ ತಂತಿಗಳಿಗೆ ಕೈಹಾಕುವವರಿದ್ದಾರೆ. ಬ್ಯಾಟರಿಯಿಂದ ಬರುವ ದಪ್ಪ ತಂತಿಯು ಕಾರಿನ ಮೈಗೆ ತಗಲಿದರೆ ನೂರಾರು ಆಂಪಿಯರ್ ವಿದ್ಯುತ್ತು ಹರಿದು ಬೆಂಕಿಯೇಳಬಹುದು. ಇನ್ನು ಕೆಲವರು ವಾಹನವನ್ನು ಇಳಿಜಾರಿನಲ್ಲಿ ಉರುಳಬಿಟ್ಟು ಚಾಲೂ ಮಾಡುವ ಯೋಚನೆ ಮಾಡುತ್ತಾರೆ. ಪೆಟ್ರೋಲ್ ಎಂಜಿನಿನ ಕಿಡಿಗೆ ಬೀಗವೇ ವಿದ್ಯುತ್ತನ್ನು ಬಿಡಬೇಕಾದುದರಿಂದ, ಉರುಳಿಸಿದ ಮಾತ್ರಕ್ಕೆ ಅದು ಹೊತ್ತಿಕೊಳ್ಳದು. ಕಿಡಿಯ ಹಂಗಿಲ್ಲದ ಹಳೆಯ ಡೀಸೆಲ್ ಎಂಜಿನು ಹೊತ್ತಿಕೊಂಡೀತು. ಆದರೆ ಚುಕ್ಕಾಣಿಗೂ ಬೀಗವಿರುವ ವಾಹನವಾದರೆ, ಕೈಯಿಲ್ಲದ ವೇಳೆ ಚಕ್ರವನ್ನು ತುಸು ತಿರುಗಿಸುತ್ತಲೇ ಒಳಗಿನ ಅಗುಳಿ ಬಿದ್ದು ಚುಕ್ಕಾಣಿ ಸೆಟೆದು ನಿಲ್ಲುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಇದಕ್ಕಿಂತ ಭೀಕರವಾದುದನ್ನು ಊಹಿಸುವುದು ಕಷ್ಟ.

ಎರಡನೆಯ ಮಹಾಯುದ್ಧದ ಅನೇಕ ಸೈನ್ಯದ ಜೀಪುಗಳಲ್ಲಿ ಬೀಗದ ಕೈಯೇ ಇರಲಿಲ್ಲ, ಬರಿಯ ಸನ್ನೆಯನ್ನು ತಿರುಗಿಸಿದರಾಯಿತು. ಗುಂಡಿನ ಮಳೆಯಲ್ಲಿ ಯಾರು ಕೈಗಾಗಿ ತಡಕಾಡಿಯಾರು?

ಹೊಸ ಕೈಯನ್ನು ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು. ಮೂವತ್ತು ವರ್ಷ ತಿರುಗಿದ ಕೈಯ ಹಲ್ಲುಗಳು ಸವೆದಿರುತ್ತವೆ. ಅದರ ಪಡಿಯಚ್ಚು ಆ ಸವೆತವನ್ನೂ ಹೊತ್ತು ಬರುತ್ತದೆ. ಪಡಿಯಚ್ಚಿನ ಪಡಿಯಚ್ಚಿನಲ್ಲಿ ತಪ್ಪು ಇನ್ನೂ ಬೆಳೆಯುತ್ತದೆ. ಸಂಖ್ಯೆ ಗೊತ್ತಿದ್ದರೆ ಅದರಿಂದಲೇ ಕತ್ತರಿಸಿಸುವುದು ಉತ್ತಮ. ಆ ಸಂಖ್ಯೆಯನ್ನು ಇಂದೇ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬಹುದು. ಕಾರಿನೊಳಗೆ ಮಾತ್ರ ಬೇಡ.